ಎಮ್ಮೆ ಕುಡಿದ ಮೊದಲ ನೀರು

ಮನುಷ್ಯಕುಲವನ್ನು ಜಾತಿ, ಮತ, ಭಾಷೆ ಎಂದು ನೂರಾರು ಬಗೆಯಾಗಿ ವಿಂಗಡಿಸುವುದು ವ್ಯರ್ಥ ಶ್ರಮ. ಬಹುಕಾಲ ಚಿಂತಿಸಿ ನಾನು ಕಂಡುಕೊಂಡಂತೆ ಲೋಕದಲ್ಲಿರುವುದು ಎರಡೇ ಪಂಗಡ: ಕಾರಿನ ಎಂಜಿನ್ನಿಗೆ ನೀರನ್ನು ಬೆಲ್ಟಿನಿಂದ ಓಡಿಸಬೇಕೆನ್ನುವವರು, ಕರೆಂಟಿನಿಂದ ಓಡಿಸಬೇಕೆನ್ನುವವರು. ಈ ಸಿದ್ಧಾಂತವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ನನ್ನ ಹೆಂಡತಿ ಗಿರಿಜೆ ಅವರೆಕಾಳು ಸುಲಿಯುತ್ತಿದ್ದಳು. ತಲೆ ಎತ್ತದೆಯೇ, "ಮೂರನೇ ಪಂಗಡ ಒಂದಿದೆ, ಕೊಡದಲ್ಲಿ ಹೊರುವವರು" ಎಂದಳು. ಅಂದಿನಿಂದ ಸಿದ್ಧಾಂತಗಳನ್ನು ನಾನು ಮನೆಯ ಹೊರಗೆ ಮಂಡಿಸುತ್ತೇನೆ.

ಈಗ ಇದೆಲ್ಲ ನೆನಪಾಗಲು ಕಾರಣ ಬೆಳ್ಳುಳ್ಳಿ. ಮೊನ್ನೆ ಕೊಡೆ ಹುಡುಕಲು ಉಗ್ರಾಣದ ಬಾಗಿಲ ಹಿಂದೆ ಕೈಹಾಕಿದೆ. ಮೊಳೆಯಿಂದ ಇಳಿಬಿದ್ದ ಕಪ್ಪು ರಬ್ಬರಿನ ಬಳೆಯೊಂದರಲ್ಲಿ ಗಿರಿಜೆ ಬೆಳ್ಳುಳ್ಳಿ ಗೊಂಚಲುಗಳನ್ನು ಕಟ್ಟಿ ತೂಗುಹಾಕಿದ್ದಳು. ಮೂಸಿ ನೋಡಿದೆ. ಬೆಳ್ಳುಳ್ಳಿಯ ಅಡಿಯಲ್ಲಿ, ಮಂದವಾಗಿ, ರಾಳದ ವಾಸನೆ. ಅದು ನನ್ನ ಕಾರಿನ ಹಳೆಯ ಫ್ಯಾನ್ ಬೆಲ್ಟು. ಒಂದು ಕಾಲದಲ್ಲಿ ನನ್ನ ಮಾನವನ್ನೆಲ್ಲ ಎಳೆದುಕೊಂಡು ತಿರುಗುತ್ತಿದ್ದದ್ದು ಈಗ ಒಗ್ಗರಣೆಯ ಸೇವೆಯಲ್ಲಿದೆ. ನಿವೃತ್ತಿ ಎಂದರೆ ಹೀಗಿರಬೇಕು.

ಬೆಲ್ಟಿನ ಪಂಗಡಕ್ಕೆ ನಾನು ಸೇರಿದ್ದಲ್ಲ, ಹುಟ್ಟಿದ್ದೇ ಅದರಲ್ಲಿ. ಊಟಿಯ ಬಳಿಯ ಕೆತ್ತಿ ಕಣಿವೆಯ ಟೀ ಫ್ಯಾಕ್ಟರಿಯೊಂದರಲ್ಲಿ ನಮ್ಮಪ್ಪ ಎಲೆ ಹೊಸೆಯುವ ಯಂತ್ರಗಳ ಉಸ್ತುವಾರಿ. ಆಗ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರು ಎಂಬ ಐಶ್ವರ್ಯವಿರಲಿಲ್ಲ. ಕೆಳಗೆ ಒಂದೇ ಎಂಜಿನ್ನು. ಮಾಡಿನುದ್ದಕ್ಕೂ ಒಂದು ಉಕ್ಕಿನ ದಂಡ. ಆ ದಂಡದಿಂದ ಪ್ರತಿ ಯಂತ್ರಕ್ಕೂ ಇಳಿದುಬಂದ, ಅಂಗೈಗಿಂತ ಅಗಲದ ಬೆಲ್ಟುಗಳು. ಅಪ್ಪನಿಗೆ ಬುತ್ತಿ ಕೊಂಡೊಯ್ದಾಗ ನಾನು ಬಾಗಿಲಲ್ಲಿ ನಿಂತು ಅವನ್ನೇ ನೋಡುತ್ತಿದ್ದೆ. ಹಸಿ ಎಲೆಯ ಒಗರು ವಾಸನೆ, ಕಾಲಡಿ ನಡುಗುವ ನೆಲ, ತಲೆಯ ಮೇಲೆ ಪಟಪಟ ಬಡಿಯುತ್ತ ಓಡುವ ಪಟ್ಟಿಗಳು. ಜಗತ್ತನ್ನು ದೇವರು ನಡೆಸುತ್ತಾನೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಾಗ ನನಗೆ ಆಶ್ಚರ್ಯವಾಗಲಿಲ್ಲ. ಯಾವ ಬೆಲ್ಟಿನಿಂದ ಎಂದಷ್ಟೇ ತಿಳಿಯಬೇಕಾಗಿತ್ತು.

ಬೆಲ್ಟು ಜಾರಿದರೆ ಕೀರಲು ದನಿಯಲ್ಲಿ ಅಳುತ್ತದೆ. ಆಗ ಅಪ್ಪ ಡಬ್ಬಿಯಿಂದ ರಾಳದ ಉಂಡೆ ತೆಗೆದು, ಓಡುತ್ತಿರುವ ಬೆಲ್ಟಿಗೆ ಹಗುರವಾಗಿ ಹಿಡಿಯುತ್ತಿದ್ದರು. ಅಳು ನಿಲ್ಲುತ್ತಿತ್ತು. "ಬೆಲ್ಟು ಅತ್ತರೆ ರಾಳ ಹಾಕು" ಎಂಬುದು ನಮ್ಮ ಮನೆಯ ವೇದವಾಕ್ಯ. ಸವೆದ ಬೆಲ್ಟಿನ ತುಂಡುಗಳು ಮನೆಗೆ ಬಂದು ಚಪ್ಪಲಿಯ ಅಟ್ಟೆಯಾಗಿ, ದನದ ಕೊಟ್ಟಿಗೆಯ ಬಾಗಿಲಿಗೆ ಕೀಲಾಗಿ, ನನ್ನ ಲೆಕ್ಕದ ಪರೀಕ್ಷೆಯ ನಂತರ ನನ್ನ ಬೆನ್ನಿನ ಮೇಲೆ ಉಪದೇಶವಾಗಿಯೂ ಉಪಯೋಗಕ್ಕೆ ಬಂದವು. ಅಪ್ಪನ ಕಾಲಾನಂತರ ಅದೇ ಫ್ಯಾಕ್ಟರಿಯಲ್ಲಿ ನನಗೆ ಸೂಪರ್‌ವೈಸರ್ ಕೆಲಸವಾಯಿತು. ಅಷ್ಟರಲ್ಲಿ ಎಲ್ಲ ಯಂತ್ರಗಳಿಗೂ ಮೋಟಾರು ಬಂದಿತ್ತು. ನನ್ನ ಪಾಲಿಗೆ ಉಳಿದದ್ದು ರಾಳದ ಡಬ್ಬಿ.

ಕಾರು ಬಂದದ್ದು ಊರು ಬಿಟ್ಟುಹೋದ ಎಸ್ಟೇಟ್ ಮ್ಯಾನೇಜರೊಬ್ಬರಿಂದ. ಕಪ್ಪು, ದುಂಡು, ಗಂಭೀರ. ಯಾವ ಕಂಪನಿಯದೆಂದು ಹೇಳುವುದಿಲ್ಲ; ಮುಂದೆ ನಡೆದದ್ದರಲ್ಲಿ ಅವರದೇನೂ ತಪ್ಪಿಲ್ಲ. ನಮ್ಮ ಹಟ್ಟಿಯವರು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟರು. ಬಣ್ಣಕ್ಕೆ ಎಂದು ನಾನು ತಿಳಿದಿದ್ದೆ. ನೀರು ಕಂಡಲ್ಲಿ ನಿಲ್ಲುತ್ತದೆ ಎಂಬ ಕಾರಣಕ್ಕೆ ಎಂದು ಆಮೇಲೆ ಗೊತ್ತಾಯಿತು.

ಕಾರಿನ ಹೊಟ್ಟೆಯೊಳಗಿನದು ತಿಳಿಯದವರಿಗಾಗಿ ಎರಡು ಮಾತು. ಎಂಜಿನ್ನು ಓಡಿದರೆ ಕಾಯುತ್ತದೆ. ಕಾದ ಎಂಜಿನ್ನಿನ ಸುತ್ತ ನೀರು ಹರಿದು, ಮುಂದಿನ ರೇಡಿಯೇಟರಿಗೆ ಬಂದು ತಣಿದು, ಮತ್ತೆ ಒಳಗೆ ಹೋಗಬೇಕು. ಆ ನೀರನ್ನು ತಳ್ಳುವುದು ಪಂಪು. ಪಂಪನ್ನು ತಿರುಗಿಸುವುದು ಬೆಲ್ಟು, ಬೆಲ್ಟನ್ನು ತಿರುಗಿಸುವುದು ಅದೇ ಎಂಜಿನ್ನು. ಎಂಜಿನ್ನು ಜೋರಾಗಿ ಓಡಿದರೆ ನೀರೂ ಜೋರು, ನಿಧಾನವಾದರೆ ನೀರೂ ನಿಧಾನ. ಒಬ್ಬರು ದುಡಿದರೆ ಇಬ್ಬರೂ ದುಡಿಯುವುದು, ಒಬ್ಬರು ನಿಂತರೆ ಇಬ್ಬರೂ ನಿಲ್ಲುವುದು; ಇದಕ್ಕಿಂತ ಉತ್ತಮ ದಾಂಪತ್ಯ ಉಂಟೆ ಎಂದು ನಾನು ಕೇಳುತ್ತಿದ್ದೆ. ಹೆಂಗಸರು ಯಾರೂ ಉತ್ತರ ಕೊಡುತ್ತಿರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಇಸವಿ ಬಂದ ಹೊಸತರಲ್ಲಿ ನನ್ನ ತಮ್ಮ ರವಿಗೆ ಹೆಣ್ಣು ಗೊತ್ತಾಯಿತು. ಹುಡುಗಿ ಸುಮತಿ, ಮಸಿನಗುಡಿಯಲ್ಲಿ ಚಿಕ್ಕಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವಳ ತಂದೆ ಹಾಲಗೌಡರು ನಮ್ಮವರೇ, ಆದರೆ ಕೆಲಸದ ಮೇಲೆ ಬೆಟ್ಟ ಇಳಿದು ಮೋಯಾರಿನ ಪವರ್‌ಹೌಸಿನಲ್ಲಿ ನೆಲೆಸಿದವರು. ವಯಸ್ಸೆಲ್ಲ ಟರ್ಬೈನಿನ ಪಕ್ಕ ಕಳೆದ ಮನುಷ್ಯ. ಅವರ ಜೀಪಿಗೆ ಕೊಯಮತ್ತೂರಿನಲ್ಲಿ ರ್‍ಯಾಲಿ ಕಾರುಗಳನ್ನು ಸಜ್ಜುಮಾಡುವ ಯಾರೋ ಒಬ್ಬರು ಕರೆಂಟಿನ ಪಂಪು ಕೂರಿಸಿಕೊಟ್ಟಿದ್ದರು. ಅದಕ್ಕೆ ಬೆಲ್ಟಿನ ಹಂಗಿಲ್ಲ, ಬ್ಯಾಟರಿಯಿಂದ ಓಡುತ್ತದೆ. ಎಂಜಿನ್ನು ನಿಂತರೂ ಅದು ನಿಲ್ಲುವುದಿಲ್ಲ.

ನಿಶ್ಚಯದ ದಿನ ಮೋಯಾರಿನ ಕ್ವಾರ್ಟರ್ಸಿನಲ್ಲಿ ಹಿರಿಯರು ಸೇರಿದ್ದರು. ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ, ದಿನ ಒಪ್ಪಿಗೆ. ಮಾತು ಮುಗಿದು ಎಲೆಯಡಿಕೆಗೆ ಕೈಹಾಕುವಷ್ಟರಲ್ಲಿ, ಹೆಣ್ಣನ್ನು ಕರೆದೊಯ್ಯುವ ಬಂಡಿ ಯಾವುದು ಎಂದು ಯಾರೋ ಕೇಳಿದರು. ನಮ್ಮಲ್ಲಿ ಗಂಡಿನ ಕಡೆಯವರು ಹೋಗಿ ಹೆಣ್ಣನ್ನು ಕರೆತರಬೇಕು. ಮದುವೆ ಗಂಡಿನ ಹಟ್ಟಿಯಲ್ಲಿ. ನನ್ನ ಕಾರು ಎಂದೆ ನಾನು.

ಹಾಲಗೌಡರು ಸೌಜನ್ಯದಿಂದಲೇ, ಬೆಲ್ಟಿನ ಪಂಪೋ ಎಂದು ವಿಚಾರಿಸಿದರು. ಆಮೇಲೆ ಒಂದು ಗಂಟೆಯ ಹೊತ್ತು ಆ ಮನೆಯಲ್ಲಿ ಮದುವೆಯ ಮಾತು ಬರಲಿಲ್ಲ. ಮೋಯಾರಿನಿಂದ ನಮ್ಮ ಹಟ್ಟಿಗೆ ಏರುವ ದಾರಿಯ ಕಲ್ಲಟ್ಟಿ ಘಾಟಿಯ ಕಡಿದಾದ ತಿರುವಿನಲ್ಲಿ ಮೊದಲನೇ ಗೇರಿನಲ್ಲಿ ತೆವಳುವಾಗ ಎಂಜಿನ್ನಿಗೆ ಬಿಸಿ ಹೆಚ್ಚು, ಗಾಳಿ ಕಡಿಮೆ. ನೀರು ಹೆಚ್ಚು ಬೇಕಾದ ಆ ಗಳಿಗೆಯಲ್ಲೇ ನಿಮ್ಮ ಪಂಪಿಗೂ ಸುಸ್ತು ಎಂದರು ಅವರು. ನಿಮ್ಮ ಬ್ಯಾಟರಿ ಎಂಬುದು ಕೈಸಾಲದ ಕೊಡ, ಯಾವಾಗ ಬರಿದಾಗುತ್ತದೋ ಕಾಣುವುದಿಲ್ಲ. ಬೆಲ್ಟಾದರೆ ಕಣ್ಣಿಗೆ ಕಾಣುತ್ತದೆ, ಕಷ್ಟ ಬಂದರೆ ಅತ್ತು ಹೇಳುತ್ತದೆ ಎಂದೆ ನಾನು. ಅಳುವುದನ್ನು ಕೇಳಿಸಿಕೊಂಡು ಹೆಣ್ಣು ಕರೆತರಬೇಕೆ ಎಂದರು. ರವಿಯ ಮುಖ ಬಿಳಿಚಿಕೊಂಡಿತ್ತು. ವರದಕ್ಷಿಣೆಗೆ, ಜಾತಕಕ್ಕೆ ಮುರಿದುಬಿದ್ದ ಸಂಬಂಧಗಳನ್ನು ಅವನು ಕೇಳಿದ್ದ; ನೀರಿನ ಪಂಪಿಗೆ ಮುರಿದುಬಿದ್ದದ್ದು ತನ್ನದೇ ಮೊದಲನೆಯದಾಗುತ್ತದೆ ಎಂದು ಹೆದರಿದ್ದನೆಂದು ಆಮೇಲೆ ಹೇಳಿದ.

ಆಗ ಕಾಫಿ ತಂದ ಸುಮತಿ ನನ್ನ ಮುಂದೆ ಲೋಟ ಇಟ್ಟು, "ಅಣ್ಣ, ಕಾರಿನಲ್ಲಿ ನೀರಿನ ಕ್ಯಾನ್ ಇಡುತ್ತೀರಲ್ಲ?" ಎಂದಳು.

ಅದು ಎಷ್ಟು ಸರಳ ಪ್ರಶ್ನೆ. ಇಡುತ್ತೇನೆ ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಹಿರಿಯರೆಲ್ಲ ನೋಡುತ್ತಿದ್ದರು. ಬೆಲ್ಟಿನಲ್ಲಿ ನಂಬಿಕೆಯಿಟ್ಟವನು ಕ್ಯಾನಿನಲ್ಲಿ ನೀರು ಹೊರುವುದಿಲ್ಲ ಎಂದುಬಿಟ್ಟೆ.

"ಸೂಪರ್‌ವೈಸರೆ, ನಿಮ್ಮ ಎಮ್ಮೆ ಕಲ್ಲಟ್ಟಿಯಲ್ಲಿ ಮಲಗಿದರೆ?" ಎಂದರು ಹಾಲಗೌಡರು.

"ಮಲಗಿದರೆ ಅದು ನಿಮ್ಮ ಮಗಳ ಎಮ್ಮೆ. ಅವಳೇ ಕಟ್ಟಿಕೊಳ್ಳಲಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲೆಯಡಿಕೆ ಬದಲಾಯಿತು. ನಗದವರು ಇಬ್ಬರೇ. ನಮ್ಮ ಸೋದರತ್ತೆ ಮಾದಿಯವರು ನಗಲಿಲ್ಲ, ಏಕೆಂದರೆ ಅವರು ಎಂದೂ ನಗುವವರಲ್ಲ. ಸುಮತಿ ಖಾಲಿ ಲೋಟಗಳನ್ನು ಜೋಡಿಸಿಕೊಳ್ಳುತ್ತಿದ್ದಳು.

ಮಾದಿ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ವಂಶದಲ್ಲಿ ಮದುವೆ, ಸಾವು, ಹಾಲು ಒಡೆದದ್ದು, ಯಾವುದಕ್ಕೂ ನ್ಯಾಯ ಹೇಳುವವರು ಅವರೇ. ಬಿಳಿ ಮುಂಡು, ಬಿಳಿ ತಲೆವಸ್ತ್ರ, ಕೈಯಲ್ಲಿ ಕೋಲು. ಕೋಲು ಅವರಿಗೆ ನಡೆಯಲು ಬೇಕಿರಲಿಲ್ಲ. ಅವರ ಕಾನೂನಿನಲ್ಲಿ ಎಲ್ಲಕ್ಕಿಂತ ದೊಡ್ಡದು ನೀರಿನ ಶಾಸ್ತ್ರ. ಹೊಸ ಹೆಣ್ಣು ಗಂಡಿನ ಹಟ್ಟಿಗೆ ಬಂದಮೇಲೆ ತೊರೆಗೆ ಹೋಗಿ ಹೊಸ ಕೊಡದಲ್ಲಿ ನೀರು ತುಂಬಿ ಮನೆಯೊಳಗೆ ತರಬೇಕು. ಆ ಮೊದಲ ನೀರು ಯಾವ ಮನೆಗೆ ಹೋಯಿತೋ ಅವಳು ಆ ಮನೆಯವಳು. ತಾಳಿ, ಊಟ, ಫೋಟೋ ಎಲ್ಲ ಆಮೇಲಿನ ಅಲಂಕಾರ.

ಮದುವೆ ಬುಧವಾರ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಹೆಣ್ಣು ಹಟ್ಟಿ ಮುಟ್ಟಿ ನೀರು ತಂದಿರಬೇಕು. ಹಿಂದಿನ ದಿನವೇ ನಾವು ಮೋಯಾರಿಗೆ ಹೋಗಿ ಉಳಿದಿದ್ದೆವು. ಬೆಳಿಗ್ಗೆ ಒಳಗೆ ಹೆಣ್ಣಿಗೆ ಎಣ್ಣೆ ಹಚ್ಚುತ್ತಿದ್ದರೆ ಹೊರಗೆ ನಾನು ಬಾನೆಟ್ಟು ಎತ್ತಿ ಬೆಲ್ಟಿಗೆ ರಾಳ ಹಚ್ಚುತ್ತಿದ್ದೆ. ಅಪ್ಪನ ಡಬ್ಬಿಯನ್ನು ಅದಕ್ಕೆಂದೇ ತಂದಿದ್ದೆ. ಭಕ್ತಿಯಿಂದ, ಎರಡು ಕೈ.

ಚರ್ಮದ ಚಪ್ಪಟೆ ಬೆಲ್ಟಿಗೆ ಹಿಡಿತ ಕೊಡುವ ರಾಳ, ಕಾರಿನ ರಬ್ಬರಿನ ಬೆಲ್ಟಿಗೆ ಶತ್ರು ಎಂಬುದು ಟೀ ಫ್ಯಾಕ್ಟರಿಯಲ್ಲಿ ಹುಟ್ಟಿ ಬೆಳೆಯದ ಯಾರಿಗಾದರೂ ಗೊತ್ತಿರಬಹುದು. ಅಂಟು ಮೊದಲು ಹಿಡಿಯುತ್ತದೆ. ಬಿಸಿಯಾದಂತೆ ಧೂಳು ಸೇರಿ ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಬೆಲ್ಟು ತಿರುಗುವುದನ್ನು ಬಿಟ್ಟು ಜಾರತೊಡಗುತ್ತದೆ.

ಹೊರಟೆವು. ಸ್ಟಿಯರಿಂಗಿನಲ್ಲಿ ನಾನು, ತಲೆಗೆ ಹೊಸ ಬಿಳಿ ರುಮಾಲು. ಪಕ್ಕದಲ್ಲಿ ಮಾದಿ ಅತ್ತೆ, ಕೋಲು ಗೇರಿಗೆ ತಾಗುವಂತೆ. ಹಿಂದೆ ಸುಮತಿ ಮತ್ತು ಗಿರಿಜೆ, ಅವರಿಬ್ಬರ ನಡುವೆ ಹೆಣ್ಣಿನ ತಾಯಿ ಕೊಟ್ಟ ಹೊಸ ಹಿತ್ತಾಳೆ ಕೊಡ. ಹಿಂದಿನಿಂದ ಹಾಲಗೌಡರ ಜೀಪು, ತುಂಬ ನೆಂಟರು. ಕಾಡಿನ ಮಂಜಿಗೆಂದು ಹಾಕಿದ ಜೀಪಿನ ದೀಪ ಉರಿಯುತ್ತಲೇ ಇತ್ತು.

ಮಸಿನಗುಡಿ ದಾಟಿ ಘಾಟಿ ಏರತೊಡಗಿದ ಮೇಲೆ ಮೊದಲ ಕೆಲವು ತಿರುವುಗಳಲ್ಲಿ ಎಮ್ಮೆ ಆನೆಯ ಹಾಗೆ ನಡೆಯಿತು. ಕನ್ನಡಿಯಲ್ಲಿ ಜೀಪನ್ನು ನೋಡಿ ನಾನು ಗಿರಿಜೆಗೆ ಏನೋ ಗೂಢಾರ್ಥದ ನಗೆ ನಕ್ಕೆ. ಆಮೇಲೆ ಬಾನೆಟ್ಟಿನೊಳಗಿಂದ ಕೀರಲು ದನಿ ಬಂತು. ಬೆಲ್ಟು ಅಳುತ್ತಿತ್ತು. ಬೆಲ್ಟು ಅತ್ತರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಇಳಿದು ಇನ್ನಷ್ಟು ರಾಳ ಹಾಕಿದೆ.

ಕಲ್ಲಟ್ಟಿ ಜಲಪಾತಕ್ಕೆ ಸ್ವಲ್ಪ ಕೆಳಗೆ, ಬಂಡೆಯಿಂದ ಸಣ್ಣ ತೊರೆಯೊಂದು ಇಳಿಯುವ ತಿರುವಿನಲ್ಲಿ ಎಮ್ಮೆ ಬುಸುಗುಟ್ಟಿತು. ಮುಂದಿನ ಗಾಜಿನ ತುಂಬ ಬಿಳಿ ಹಬೆ. ಮಂಜು ಎಂದೆ. ಅತ್ತೆ ಕೋಲಿನಿಂದ ಹೊರಗಿನ ಬಿಸಿಲನ್ನು ತೋರಿಸಿದರು.

ಹಿಂದೆ ಜೀಪು ನಿಂತಿತು. ಹಾಲಗೌಡರು ಅವಸರವಿಲ್ಲದೆ ಇಳಿದು ಬಂದು ಹಬೆಯನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಭುಜ ಹಿಡಿದು ಜೀಪಿನ ಬಳಿಗೆ ಕರೆದುಕೊಂಡು ಹೋಗಿ, ಎಂಜಿನ್ನು ಆರಿಸಿ, "ಕಿವಿಗೊಟ್ಟು ಕೇಳಿ. ಎಂಜಿನ್ನು ನಿಂತಿದೆ. ನೀರು ಓಡುತ್ತಿದೆ" ಎಂದರು. ಒಳಗೆ ಜೇನ್ನೊಣದ ಹಾಗೆ ಪಂಪು ಗುಂಯ್‌ಗುಟ್ಟುತ್ತಿತ್ತು. ನೆಂಟರೆಲ್ಲ ಸುತ್ತ ನಿಂತು ಕೇಳಿದರು. ನಾನು ಬಿಡಲಿಲ್ಲ. ನಿಂತ ಎಂಜಿನ್ನಿಗೆ ನೀರು ಓಡಿಸುವುದು, ಉಂಡವನಿಗೆ ಬಡಿಸಿದ ಹಾಗೆ ಎಂದೆ. ಉಪವಾಸ ಬಿದ್ದವನಿಗೆ ಏನು ಬಡಿಸಿದಿರಿ ಎಂದು ಅವರು ನನ್ನ ಕಾರಿನತ್ತ ಕೈತೋರಿಸಿದರು. ಅಲ್ಲಿಂದ ಮುಂದೆ ನಿಶ್ಚಯದ ದಿನದ ವಾದವೇ, ಈ ಸಲ ನಿಂತುಕೊಂಡು. ಗಂಡಸರು ಎರಡು ಪಕ್ಷವಾದರು. ನೆಂಟರೊಬ್ಬರಂತೂ ನೆಲದ ಮೇಲೆ ಕಡ್ಡಿಯಿಂದ ರೇಡಿಯೇಟರಿನ ಚಿತ್ರ ಬರೆದರು. ಹತ್ತು ಹೆಜ್ಜೆ ಆಚೆ ತೊರೆ ಸುರಿಯುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ ನೀರು ತರುವುದು ಹೊಳೆಯಲಿಲ್ಲ. ತರುವುದಕ್ಕೆ ಪಾತ್ರೆಯೂ ಇರಲಿಲ್ಲ. ಕ್ಯಾನು ಏಕಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

"ಅಣ್ಣ, ಮುಚ್ಚಳ ತೆಗೆಯಿರಿ."

ತಿರುಗಿ ನೋಡಿದೆ. ಮದುಮಗಳು ಬಿಳಿ ಮುಂಡಿನ ಅಂಚು ಎತ್ತಿ ಸಿಕ್ಕಿಸಿಕೊಂಡು, ಸೊಂಟದಲ್ಲಿ ತುಂಬಿದ ಹಿತ್ತಾಳೆ ಕೊಡ ಹೊತ್ತು ನಿಂತಿದ್ದಳು. ಕೊಡದ ಕಂಠದಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಏನೂ ಯೋಚಿಸದೆ ತಲೆಯ ರುಮಾಲು ಬಿಚ್ಚಿ, ಕೈಗೆ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ. ಹಬೆ ಹೋಗುವವರೆಗೆ ಅವಳು ಕಾದಳು. ಎಂಜಿನ್ನು ಶುರುಮಾಡಿ ಎಂದಳು, ಮಾಡಿದೆ. ಸ್ವಲ್ಪಸ್ವಲ್ಪವಾಗಿ ನೀರು ಹೊಯ್ದಳು. ಎಮ್ಮೆ ಗುಟುಗುಟು ಕುಡಿಯಿತು.

ಆಗ ಕೋಲು ಬಾನೆಟ್ಟಿನ ಮೇಲೆ ಬಿತ್ತು. ಸದ್ದಿಗೆ ಎಲ್ಲ ವಾದವೂ ನಿಂತಿತು.

"ಕೂಸೆ, ಏನ ಮಾಡಿಬಿಟ್ಟೆ? ಅದು ಎಂಗ ಮನೆಗೆ ಬರಬೇಕಾದ ಮೊದಲ ನೀರು" ಎಂದರು ಮಾದಿ ಅತ್ತೆ.

ಗಿರಿಜೆಯ ಕೈ ಬಾಯಿಗೆ ಹೋಯಿತು. ಹಾಲಗೌಡರ ಮುಖದಲ್ಲಿ ಕರೆಂಟು ಹೋಯಿತು. ಹೊಸ ಕೊಡ, ಹೊಸ ಹೆಣ್ಣು, ತೊರೆಯ ನೀರು, ಶಾಸ್ತ್ರಕ್ಕೆ ಬೇಕಾದ ಎಲ್ಲವೂ ಆಗಿಹೋಗಿತ್ತು. ಹೋಗಿದ್ದು ಮಾತ್ರ ಗಂಡನ ಮನೆಗಲ್ಲ, ಬೇರೆ ಮನೆ ಮಾಡಿಕೊಂಡ ಅಣ್ಣನ ಎಮ್ಮೆಗೆ. ಬೇರೆಯವರ ಮನೆಗೆ ಮೊದಲ ನೀರು ಕೊಟ್ಟವಳು ಎಂಬ ಮಾತು ಒಮ್ಮೆ ಅಂಟಿದರೆ ರಾಳದ ಹಾಗೆ, ನಮ್ಮಲ್ಲಿ ಅದು ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಪಂಪಿಗಾಗಿ ಗಂಡಸರು ಬೀದಿಯಲ್ಲಿ ನಿಂತು ಕಾದಾಡಿದ್ದನ್ನು ಯಾರೂ ನೆನಪಿಡುತ್ತಿರಲಿಲ್ಲ. ಅದು ಗಂಡಸರ ಸಹಜ ಸ್ಥಿತಿ.

ಸುಮತಿ ಕೊಡ ಕೆಳಗಿಡಲಿಲ್ಲ. "ಬಾಯಾರಿದ ಎಮ್ಮೆ ಅತ್ತೆ. ನೀರು ಕೊಡದೆ ಮುಂದೆ ಹೋಗುವುದುಂಟೆ?" ಎಂದಳು.

ಅತ್ತೆ ಯೋಚಿಸಿದರು. ನಮ್ಮದು ಎಮ್ಮೆ ಸಾಕಿ ಬದುಕಿದ ವಂಶ. ಬಾಯಾರಿದ ಎಮ್ಮೆಗೆ ನೀರು ಕೊಡುವುದನ್ನು ತಪ್ಪೆನ್ನಲು ಅವರಿಗೂ ಸಾಧ್ಯವಿರಲಿಲ್ಲ. ಕೋಲು ನಿಧಾನವಾಗಿ ನನ್ನತ್ತ ತಿರುಗಿತು.

"ಈ ಎಮ್ಮೆ ಆರದು?"

"ಎನ್ನದು ಅತ್ತೆ" ಎಂದೆ.

"ಅಂದು ಏನ ಹೇಳಿದೆ ನೀ? ಮಲಗಿದರೆ ಅವಳದು ಎಂದೆಯೋ, ಇಲ್ಲೆಯೋ?"

ಹಿರಿಯರಿದ್ದ ಸಭೆಯಲ್ಲಿ ಹೇಳಿದ ಮಾತು. ಸುತ್ತ ನಿಂತ ನೆಂಟರಲ್ಲಿ ಅರ್ಧ ಜನ ಅಂದು ನಕ್ಕವರೇ. ನಾನು ಕಡೆಯ ಪ್ರಯತ್ನವಾಗಿ, ಮಲಗಿಲ್ಲವಲ್ಲ ಅತ್ತೆ, ನಿಂತಿದೆಯಷ್ಟೆ ಎಂದೆ.

"ಎಮ್ಮೆ ನಿಂತೂ ನಿದ್ದೆ ಮಾಡುತ್ತದೆ" ಎಂದಳು ಗಿರಿಜೆ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ.

ಅತ್ತೆ ತೀರ್ಪು ಕೊಟ್ಟರು. ಎಮ್ಮೆ ಹೆಣ್ಣಿನದು. ತನ್ನ ಎಮ್ಮೆಗೆ ತಾನು ನೀರು ಕೊಟ್ಟಿದ್ದಾಳೆ, ಆದ್ದರಿಂದ ಮೊದಲ ನೀರು ಅವಳ ಮನೆಗೇ ಹೋಗಿದೆ, ತಪ್ಪಿಲ್ಲ. ಹಟ್ಟಿಯ ತೊರೆಯಿಂದ ತರುವುದು ಅದರ ಮುಂದುವರಿಕೆ. ಎಮ್ಮೆ ಬೇರೆಯವರ ಕೊಟ್ಟಿಗೆಯಲ್ಲಿ ಉಳಿದರೆ ಮಾತ್ರ ತಪ್ಪು. ಹೀಗೆ ಹೇಳಿ ನನ್ನನ್ನು ನೋಡಿದರು. ಎಲ್ಲರೂ ನೋಡಿದರು. ಸುಮತಿ ಮಾತ್ರ ನೋಡಲಿಲ್ಲ; ಅವಳು ಕೊಡದೊಳಗೆ ಇಣುಕಿ ಎಷ್ಟು ನೀರು ಉಳಿದಿದೆ ಎಂದು ಪರೀಕ್ಷಿಸುತ್ತಿದ್ದಳು. ಅವಳ ಕೆನ್ನೆಯಲ್ಲಿ ಏನೋ ಒಂದು ಅಡಗಿಕೊಳ್ಳುತ್ತಿತ್ತು. ಆ ಕಾಫಿ ಲೋಟಗಳನ್ನು ಜೋಡಿಸುವಾಗಲೂ ಅದನ್ನೇ ಕಂಡಿದ್ದೆನೆಂದು ಈಗ ಅನಿಸುತ್ತದೆ.

ಅವಳ ಹೆಸರಿನ ಮುಂದೆ ನನ್ನ ಕಾರು ಯಾವ ಲೆಕ್ಕ? ಎಂದು ನಾನು ಉದಾರವಾಗಿ ಯೋಚಿಸಿದೆನೆಂದು ಬರೆಯಲು ಆಸೆಯಿದೆ. ನಿಜವಾಗಿ ಯೋಚಿಸಿದ್ದು, ಟೂಲ್‌ಬಾಕ್ಸನ್ನಾದರೂ ಇಟ್ಟುಕೊಳ್ಳಬಹುದೇ ಎಂದು. ಆಗಲಿ ಅತ್ತೆ ಎಂದೆ. ಕೀಲಿಕೈಯನ್ನು ಸುಮತಿಯ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಹಟ್ಟಿಯವರೆಗೆ ನೀವೇ ಓಡಿಸಿ ಅಣ್ಣ ಎಂದು ಹಿಂತಿರುಗಿಸಿದಳು. ಮಾಲೀಕನಾಗಿ ಘಾಟಿ ಏರತೊಡಗಿದವನು ಡ್ರೈವರಾಗಿ ಮುಂದುವರಿದೆ.

ರುಮಾಲಿನಿಂದಲೇ ಬೆಲ್ಟಿನ ರಾಳವನ್ನೆಲ್ಲ ಒರೆಸಿ, ಕಾಡುಮರದ ಕೊಂಬೆಯೊಂದರಿಂದ ಅದೇ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋವನ್ನು ಮೀಟಿ ಬೆಲ್ಟು ಬಿಗಿಮಾಡಿದೆವು. ಹೊರಡೋಣವೆಂದರೆ ಹಿಂದೆ ಜೀಪಿನಿಂದ ಟಿಕ್ ಎಂಬ ಒಂದು ಸಣ್ಣ ಸದ್ದು. ಮತ್ತೆ ಟಿಕ್. ಹಾಲಗೌಡರ ಪಂಪು ಅಷ್ಟು ಹೊತ್ತೂ ನಿಂತ ಎಂಜಿನ್ನಿಗೆ ನಿಷ್ಠೆಯಿಂದ ನೀರು ಓಡಿಸಿತ್ತು, ಆರಿಸಲು ಮರೆತ ದೀಪವೂ ಜೊತೆಗೆ ಉರಿದಿತ್ತು. ಹಳೆಯ ಬ್ಯಾಟರಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ, ಆದರೆ ಏನೂ ಹೇಳಲಿಲ್ಲ. ಹೇಳಲು ನನ್ನ ಬಳಿ ಕಾರಿರಲಿಲ್ಲ. ನೆಂಟರನ್ನು ಜೀಪು ತಳ್ಳಲು ಬಿಟ್ಟು ಕರೆಂಟಿನ ಪಂಗಡದ ನಾಯಕರು ಬೆಲ್ಟಿನ ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಪಕ್ಕ, ತೊಡೆಯ ಮೇಲೆ ಹಿತ್ತಾಳೆ ಕೊಡ ಇಟ್ಟುಕೊಂಡು ಕುಳಿತರು. ಕೊಡದಲ್ಲಿ ಸುಮತಿ ಮತ್ತೆ ನೀರು ತುಂಬಿಸಿದ್ದಳು. ಪ್ರತಿ ತಿರುವಿನಲ್ಲೂ ಅದು ಅವರ ಮೇಲೆ ತುಳುಕುತ್ತಿತ್ತು.

ಊಟಿ ದಾಟಿ ಕೆತ್ತಿಯ ಇಳಿಜಾರು ಹಿಡಿದು ಹಟ್ಟಿ ಮುಟ್ಟಿದಾಗ ಹನ್ನೊಂದೂವರೆ. ಇಳಿದು ಕೀಲಿಕೈಯನ್ನು ಮತ್ತೆ ಸುಮತಿಗೆ ಒಪ್ಪಿಸಿದೆ. ರವಿ ಬಾಗಿಲಲ್ಲಿ ನಿಂತಿದ್ದ. ಬರಿತಲೆಯ ಅಣ್ಣ, ಒದ್ದೆಯಾದ ಮಾವ, ಹೆಣ್ಣಿನ ಕೈಯಲ್ಲಿ ಕಾರಿನ ಕೀಲಿಕೈ, ಇದನ್ನೆಲ್ಲ ನೋಡಿ ಏನೂ ಕೇಳಲಿಲ್ಲ. ಅವನ ದಾಂಪತ್ಯ ಸುಖವಾಗಿ ಸಾಗಿರುವುದಕ್ಕೆ ಅದೇ ಕಾರಣವಿರಬೇಕು. ಸುಮತಿ ಹಟ್ಟಿಯ ತೊರೆಗೆ ಹೋಗಿ ನೀರು ತಂದಳು. ರಾಹುಕಾಲ ಇನ್ನೂ ಶುರುವಾಗಿರಲಿಲ್ಲ.

ಅವಳಿಗೆ ಕಾರು ಕಲಿಸಿದ್ದು ನಾನೇ. ಎರಡು ತಿಂಗಳಲ್ಲಿ ಅವಳು ಕುನ್ನೂರಿನ ಶಾಲೆಗೆ ಎಮ್ಮೆಯನ್ನು ತಾನೇ ಓಡಿಸಿಕೊಂಡು ಹೋಗತೊಡಗಿದಳು. ಆರು ತಿಂಗಳಿಗೆ ಹಾಲಗೌಡರು ಮಗಳನ್ನು ನೋಡಲು ಬಂದಾಗ ಕೈಯಲ್ಲಿ ರಟ್ಟಿನ ಪೆಟ್ಟಿಗೆಯಿತ್ತು, ಅದರೊಳಗೆ ಎಮ್ಮೆಗೊಂದು ಕರೆಂಟಿನ ಪಂಪು. ಅಂದು ಬಿಚ್ಚಿದ ಬೆಲ್ಟನ್ನು ಸುಮತಿ ಚೆನ್ನಾಗಿ ಒರೆಸಿ, ನಿಮ್ಮದು ಅಣ್ಣ ಎಂದು ತಂದುಕೊಟ್ಟಳು. ಡೈನಮೋಗೆ ಇನ್ನೊಂದು ಗಿಡ್ಡ ಬೆಲ್ಟು ಹಾಕಲೇಬೇಕಾಯಿತಂತೆ. ಹಾಗಾದರೆ ಕರೆಂಟು ಹುಟ್ಟುವುದೂ ಬೆಲ್ಟಿನಿಂದಲೇ ಎಂದು ನಾನು ಬೊಟ್ಟುಮಾಡಿ ತೋರಿಸಿದೆ. ಹೌದು ಅಣ್ಣ ಎಂದಳು. ಇಷ್ಟು ಬೇಗ ಒಪ್ಪಿಕೊಂಡರೆ ವಾದ ಮುಂದುವರಿಸುವುದು ಹೇಗೆ?

ಎಮ್ಮೆ ಆಮೇಲೆ ಕಲ್ಲಟ್ಟಿ ಘಾಟಿಯಲ್ಲಿ ಎಂದೂ ಕುದಿಯಲಿಲ್ಲ. ಅದರ ಡಿಕ್ಕಿಯಲ್ಲಿ ಯಾವಾಗಲೂ ಒಂದು ಕ್ಯಾನು ನೀರಿರುತ್ತದೆ. ನಾನು ಬಸ್ಸಿನಲ್ಲಿ ಓಡಾಡುತ್ತೇನೆ.